ಹೊಲಿದವಳಿಗೂ ಗೊತ್ತಿರದ ಕೌದಿ

ಗುಬ್ಬಿಯ ಪೇಟೆ ಮುಗಿದು ತೆಂಗಿನ ತೋಟಗಳು ಶುರುವಾಗುವ ಕಡೆ ಒಂದು ಹೆಂಚಿನ ಮನೆ. ಮಾಗಿಯ ಬೆಳಗು. ಅಂಗಳದ ತುಂಬ ಬೇಯಿಸಿದ ಅಡಿಕೆ ಹರವಿದ್ದಾರೆ. ಅದರ ಒಗರು ವಾಸನೆ ಪಡಸಾಲೆಯವರೆಗೂ ಬರುತ್ತಿದೆ. ಪಡಸಾಲೆಯ ನೆಲದ ಮೇಲೆ ಉಟ್ಟು ಉಟ್ಟು ಮೆತ್ತಗಾದ ನೂಲಿನ ಸೀರೆಯೊಂದನ್ನು ಸುಕ್ಕಿಲ್ಲದಂತೆ ಹಾಸಿ, ಒಂದು ಮೂಲೆಗೆ ಕುಟ್ಟಾಣಿ, ಇನ್ನೊಂದಕ್ಕೆ ಹಿತ್ತಾಳೆ ಸೇರು, ಉಳಿದೆರಡಕ್ಕೆ ಒಂದೊಂದು ಇಟ್ಟಿಗೆ ಹೇರಿದ್ದಾರೆ. ಅಜ್ಜಿ ಒಂದು ಕಾಲು ಚಾಚಿ, ಇನ್ನೊಂದನ್ನು ಮಡಿಸಿ ಅದರ ಅಂಚಿಗೆ ಕೂತಿದ್ದಾರೆ. ಪಕ್ಕದಲ್ಲಿ ಗಂಟು ಬಿಚ್ಚಿದ ಬಟ್ಟೆ: ಖಾಕಿ ಚಡ್ಡಿಯ ಗಟ್ಟಿ ಉಳಿದ ಭಾಗ, ಪಂಚೆಯ ಹಸಿರು ಅಂಚು, ಹೂವಿನ ಚಿತ್ರದ ಲಂಗ, ಬಣ್ಣ ಹೋದರೂ ನೂಲು ಹೋಗದ ಒಂದು ಟವೆಲು. ಸೂಜಿಗೆ ಪೋಣಿಸಿದ ದಾರ ಒಂದು ಮೊಳಕ್ಕಿಂತ ಉದ್ದವಿಲ್ಲ. ಉದ್ದ ದಾರ ಗಂಟು ಬೀಳುತ್ತದೆ, ಕೈಯೂ ಸೋಲುತ್ತದೆ ಎಂಬುದು ಅವರ ಅನುಭವ.

ತುಮಕೂರಿನಲ್ಲಿ ಕೆಲಸಕ್ಕಿರುವ ಮೊಮ್ಮಗಳು ವಾರದ ರಜೆಗೆ ಬಂದಿದ್ದಾಳೆ. ಅಜ್ಜಿಯ ಎದುರಿಗೆ ಮಂಡಿಯೂರಿ ಬಟ್ಟೆಯನ್ನೇ ನೋಡುತ್ತಾಳೆ. ಅಂಚಿನ ಸುತ್ತ ಒಂದು ಸುತ್ತು ತೇಪೆ ಮುಗಿದಿದೆ, ಎರಡನೆಯದು ಅರ್ಧದಲ್ಲಿದೆ. ನಡುವೆ ಬಯಲು.

"ಅಜ್ಜಿ, ಮಧ್ಯದಲ್ಲಿ ಏನ್ ಬರುತ್ತೆ?"

"ನಂಗೇನ್ ಗೊತ್ತವ್ವ. ಅಲ್ಲಿಗೋದಾಗ ನೋಡಾನ. ಆ ಗಂಟಿಂದ ಒಂದ್ ಕೆಂಪ್ ಚೂರ್ ಕೊಡು."

ಮೊಮ್ಮಗಳ ಬ್ಯಾಗಿನಲ್ಲೂ ಒಂದು ಬಟ್ಟೆಯ ಗಂಟಿದೆ. ಅದರ ಜೊತೆ ಕಾಗದದಲ್ಲಿ ಬರೆದುಕೊಂಡ ಅಳತೆಗಳಿವೆ. ಅವಳು ಹೊಲಿಯುತ್ತಿರುವುದನ್ನು ಹೊರದೇಶಗಳಲ್ಲಿ ಮಿಸ್ಟರಿ ಕ್ವಿಲ್ಟ್ ಅನ್ನುತ್ತಾರೆ. ಅಲ್ಲಿ ಅದೊಂದು ದೊಡ್ಡ ಹವ್ಯಾಸ. ಅಮೆರಿಕದ ಬಾನಿ ಹಂಟರ್ ಎಂಬ ಕ್ವಿಲ್ಟ್ ಶಿಕ್ಷಕಿ ಎಷ್ಟೋ ವರ್ಷಗಳಿಂದ ನವೆಂಬರ್ ಕೊನೆಯಲ್ಲಿ, ಅವರ ಥ್ಯಾಂಕ್ಸ್‌ಗಿವಿಂಗ್ ಹಬ್ಬದ ಮಾರನೆಯ ದಿನ, ಹೊಸದೊಂದನ್ನು ಶುರುಮಾಡಿಸುತ್ತಾ ಬಂದವರು. 2013ರದ್ದಕ್ಕೆ 'ಸೆಲ್ಟಿಕ್ ಸಾಲ್‌ಸ್ಟಿಸ್', ಮುಂದಿನ ವರ್ಷದ್ದಕ್ಕೆ 'ಗ್ರ್ಯಾಂಡ್ ಇಲ್ಯೂಷನ್' ಎಂದು ಹೆಸರು. ಮೊದಲು ಯಾವ ಬಣ್ಣ, ಎಷ್ಟು ಬಟ್ಟೆ ಬೇಕೆಂದು ಮಾತ್ರ ಹೇಳುತ್ತಾರೆ. ಆಮೇಲೆ ಕಂತು ಕಂತಾಗಿ ಕೆಲಸ. ಒಂದು ಕಂತಿನಲ್ಲಿ ಇಷ್ಟು ತ್ರಿಕೋನ, ಮುಂದಿನದರಲ್ಲಿ ಇಷ್ಟು ನಾಲ್ಮನೆಯ ಚೌಕ, ಅದರ ಮುಂದಿನದರಲ್ಲಿ ಉದ್ದ ಪಟ್ಟಿ. ಎಲ್ಲ ಸೇರಿದರೆ ಏನಾಗುತ್ತದೆಂದು ಹೊಲಿಯುವವರಿಗೆ ತಿಳಿಸುವುದಿಲ್ಲ. ನಕ್ಷತ್ರವೋ, ಹೂವೋ, ಬಲೆಯೋ? ಕೊನೆಯ ಕಂತಿನಲ್ಲಿ ಜೋಡಿಸುವ ಕ್ರಮ ಬಂದಾಗಲೇ ಚಿತ್ರ ಕಾಣುವುದು. ಅಲ್ಲಿಯವರೆಗೆ ಬೇರೆ ಬೇರೆ ಊರಿನ ಜನ ತಮ್ಮ ತಮ್ಮ ಮನೆಯಲ್ಲಿ ತ್ರಿಕೋನಗಳನ್ನು ಎಣಿಸಿ ಡಬ್ಬಿಗೆ ತುಂಬುತ್ತಾ ಊಹೆ ಮಾಡುತ್ತಿರುತ್ತಾರೆ.

ಮೊಮ್ಮಗಳು ಇದನ್ನೆಲ್ಲ ವಿವರಿಸಿದಾಗ ಅಜ್ಜಿ ಸೂಜಿ ನಿಲ್ಲಿಸಿ ಒಂದೇ ಪ್ರಶ್ನೆ ಕೇಳಿದರು. "ಹೇಳ್ಕೊಡೋ ಆ ಯಮ್ಮಂಗೆ ಗೊತ್ತಿರ್ತೈತಾ?" ಗೊತ್ತಿರುತ್ತೆ ಎಂದಳು ಮೊಮ್ಮಗಳು. ಅಜ್ಜಿ ಮತ್ತೆ ಹೊಲಿಗೆಗೆ ಬಗ್ಗಿದರು.

ನನಗೆ ಇಡೀ ವಿಷಯ ಬಿಚ್ಚಿಕೊಂಡದ್ದು ಆ ಪ್ರಶ್ನೆಯಲ್ಲಿ. ಗುಬ್ಬಿ ನಾಟಕದ ಊರು. 1884ರಲ್ಲಿ ಇಲ್ಲಿ ಹುಟ್ಟಿದ ಕಂಪನಿ ಮುಂದೆ ವೀರಣ್ಣನವರ ಕೈಯಲ್ಲಿ ಬೆಳೆದು ನಾಡಿನ ಮನೆಮಾತಾಯಿತು. 'ಕುರುಕ್ಷೇತ್ರ'ಕ್ಕೆ ಅವರು ರಂಗದ ಮೇಲೆ ನಿಜವಾದ ಆನೆ ಕುದುರೆಗಳನ್ನೇ ತಂದರು. ಪರದೆಯ ಮುಂದೆ ಕೂತ ಜನರಿಗೆ ಹಿಂದೆ ಏನಿದೆ ಎಂದು ಗೊತ್ತಿರಲಿಲ್ಲ, ಕಂಪನಿಯ ಯಜಮಾನರಿಗೆ ಗೊತ್ತಿತ್ತು. ಮಿಸ್ಟರಿ ಕ್ವಿಲ್ಟ್‌ನ ಸುಖವೂ ಅದೇ ಜಾತಿಯದು: ಪರದೆ ಏಳುವುದನ್ನು ಕಾಯುವ ಸುಖ. ಅಜ್ಜಿಯ ಕೌದಿಯಲ್ಲಿ ಪರದೆಯ ಹಿಂದೆ ಯಾರೂ ಇಲ್ಲ. ಗುಟ್ಟನ್ನು ಕಾಪಾಡುವವರೂ ಇಲ್ಲ, ಬಿಟ್ಟುಕೊಡುವವರೂ ಇಲ್ಲ. ಬಟ್ಟೆ, ಕೈ, ಉಳಿದಿರುವ ಜಾಗ ಈ ಮೂರೇ ಸೇರಿ ಅದನ್ನು ತೀರ್ಮಾನಿಸುತ್ತವೆ. ಹೊರದೇಶದವರು ಬುದ್ಧಿ ಖರ್ಚುಮಾಡಿ ಕಟ್ಟಿಕೊಂಡ ಕುತೂಹಲ ನಮ್ಮ ಪಡಸಾಲೆಗಳಲ್ಲಿ ಬಡತನದ ನಡುವೆ ತಾನಾಗಿಯೇ ಇತ್ತು. ಅದನ್ನು ನಾವು ಕಲೆ ಎಂದು ಕರೆಯಲಿಲ್ಲ ಎಂಬುದು ನನ್ನ ಸಂಕಟ.

ಹಾಗೆ ಕರೆದದ್ದು ಒಂದು ಕಡೆ ಮಾತ್ರ, ಅದೂ ಬಹಳ ತಡವಾಗಿ. ಉತ್ತರ ಕನ್ನಡದ ಹಳಿಯಾಳ, ಯಲ್ಲಾಪುರ, ಮುಂಡಗೋಡ ತಾಲ್ಲೂಕುಗಳ ಕಾಡಂಚಿನಲ್ಲಿ ಸಿದ್ದಿ ಹೆಂಗಸರು ಹೊಲಿಯುವ ಕೌದಿಗಳನ್ನು ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಪ್ರಾಧ್ಯಾಪಕ ಹೆನ್ರಿ ಡ್ರೂವಲ್ ಬಂದು ನೋಡಿದರು. 2004ರಲ್ಲಿ ಆ ಹೆಂಗಸರದೇ ಒಂದು ಕೌದಿ ಸಹಕಾರ ಸಂಘ ಶುರುವಾಯಿತು. 2011ರಲ್ಲಿ ಅವರ ಕೌದಿಗಳು ನ್ಯೂಯಾರ್ಕ್‌ನ ಹಾರ್ಲೆಮ್‌ನಲ್ಲಿರುವ ಶಾಂಬರ್ಗ್ ಕೇಂದ್ರದ ಗೋಡೆಗಳ ಮೇಲೆ ತೂಗಿದವು. ಸಿದ್ದಿ ಕೌದಿಯ ಹೊಲಿಗೆ ಒಂದು ಮೂಲೆಯಲ್ಲಿ ಶುರುವಾಗಿ, ಅಂಚು ಹಿಡಿದು ಸುತ್ತುತ್ತಾ ಒಳಕ್ಕೆ ಬರುತ್ತದೆ. ಸಾಲುಗಳು ನಡುವಿನಲ್ಲಿ ಸೇರಿದಾಗ ಮುಗಿಯಿತು. ಮೊದಲು ಬರೆದುಕೊಂಡ ನಕಾಶೆ ಎಂಬುದಿಲ್ಲ. ನಾಲ್ಕು ಮೂಲೆಗೆ ಬಟ್ಟೆಯನ್ನು ಮಡಿಸಿ ಮಾಡಿದ ಪುಟ್ಟ ತ್ರಿಕೋನಗಳನ್ನು ಹಚ್ಚುತ್ತಾರೆ. ಅವಕ್ಕೆ 'ಫುಲ' ಎಂದು ಹೆಸರು. ಅವಿಲ್ಲದ ಕೌದಿ ಅವರ ಕಣ್ಣಿಗೆ ಪೂರ್ತಿಯಾದದ್ದಲ್ಲ. ಉತ್ತರ ಕರ್ನಾಟಕದ ಕೆಲವು ಮನೆಗಳಲ್ಲಿ ಕೌದಿಯ ಹೊಟ್ಟೆ ಹಸಿದಿರಬಾರದೆಂದು, ನಡುವಿನ ಕೊನೆಯ ಕಿಂಡಿ ಮುಚ್ಚುವ ಮುನ್ನ ಅದರೊಳಗೆ ರೊಟ್ಟಿಯ ಚೂರನ್ನೋ ಕಾಳನ್ನೋ ಇಟ್ಟು ಹೊಲಿಯುವ ವಾಡಿಕೆಯಿದೆ. ಮೇಲೆ ತೇಪೆ ಮುಚ್ಚಿದ ಮೇಲೆ ಅದು ಯಾರ ಕಣ್ಣಿಗೂ ಬೀಳುವುದಿಲ್ಲ.

ಗುಬ್ಬಿಯ ಅಜ್ಜಿಯೂ ಅಂಚಿನಿಂದಲೇ ಒಳಕ್ಕೆ ಬರುತ್ತಾರೆ. ಈಗಿನ ಕ್ವಿಲ್ಟ್ ಪಾಠಗಳು ಇದಕ್ಕೆ ತದ್ವಿರುದ್ಧ: ಮೇಲುಬಟ್ಟೆ ಮೊದಲೇ ಜೋಡಿಸಿ ಸಿದ್ಧವಾಗಿರುವುದರಿಂದ ನಡುವಿನಿಂದ ಹೊರಕ್ಕೆ ಹೊಲಿಯಬೇಕು, ಇಲ್ಲವಾದರೆ ಸಡಿಲವೆಲ್ಲ ಮಧ್ಯೆ ಸೇರಿ ಗುಬ್ಬಟೆಯಾಗುತ್ತದೆ ಎನ್ನುತ್ತವೆ. ಕೌದಿಗೆ ಆ ಭಯವಿಲ್ಲ. ತೇಪೆಯನ್ನು ಇಟ್ಟಲ್ಲೇ ಹೊಲಿದುಬಿಡುವುದರಿಂದ ಬಟ್ಟೆ ಸರಿದಷ್ಟೂ ಮುಂದಿನ ತೇಪೆ ಅದನ್ನು ನುಂಗಿಕೊಳ್ಳುತ್ತದೆ. ಕೊನೆಯ ತೇಪೆಯನ್ನು ಉಳಿದ ಕಿಂಡಿಯ ಅಳತೆಗೇ ಕತ್ತರಿಸುತ್ತಾರೆ. ಅದು ಚೌಕವಾಗಿರಬೇಕೆಂದಿಲ್ಲ, ಆಗಿರುವುದೂ ಅಪರೂಪ. ನಡುವಿನ ಚಿತ್ರ ಏನೆಂದು ಅಜ್ಜಿಗೆ ಮೊದಲೇ ಗೊತ್ತಿಲ್ಲದಿರಲು ಇದೇ ಕಾರಣ: ಆ ಜಾಗದ ಆಕಾರ ಇನ್ನೂ ಹುಟ್ಟಿಯೇ ಇಲ್ಲ.

ಅವರ ಹೊಲಿಗೆ ಸಾಲುಗಳನ್ನು ಹತ್ತಿರದಿಂದ ನೋಡಬೇಕು. ಒಂದು ಸಾಲಿಗೂ ಇನ್ನೊಂದಕ್ಕೂ ಹೆಬ್ಬೆರಳ ಅಗಲದ ಅಂತರ. ನಾಲ್ಕೂವರೆ ಅಡಿ ಅಗಲ, ಆರೂವರೆ ಅಡಿ ಉದ್ದದ ಕೌದಿಗೆ ಅಂಗುಲಕ್ಕೊಂದು ಸಾಲು ಎಂದುಕೊಂಡರೆ ಎಲ್ಲ ಸಾಲುಗಳ ಉದ್ದ ಸೇರಿ 100 ಮೀಟರ್ ದಾಟುತ್ತದೆ. ಅಂಗುಲಕ್ಕೆ ನಾಲ್ಕು ಟಾಕು ಬಿದ್ದರೆ 16,000ಕ್ಕೂ ಹೆಚ್ಚು ಸಲ ಸೂಜಿ ಕೆಳಗಿಳಿದು ಮೇಲೇಳುತ್ತದೆ. ಮೂರ್ನಾಲ್ಕು ಪದರ ಸೀರೆಯ ಮೂಲಕ, ಬೆರಳ ತುದಿಗೆ ಸುತ್ತಿದ ಚಿಂದಿಯ ಆಸರೆಯಲ್ಲಿ, ಸೊಸೆಯ ಮೇಲಿನ ದೂರು, ತೆಂಗಿನ ರೇಟು, ಊರಿನ ಜಾತ್ರೆಯ ಸುದ್ದಿ ಇವೆಲ್ಲದರ ನಡುವೆ. ಸಾಲು ಮಾತ್ರ ಸೊಟ್ಟಗಾಗುವುದಿಲ್ಲ. ಸುಕ್ಕುಗಟ್ಟಿದ ಅಲೆಯಂಥ ಮೈ ಕೌದಿಗೆ ಬರುವುದು ಈ ಟಾಕುಗಳಿಂದ. ಪದರಗಳ ನಡುವೆ ನಿಂತ ಗಾಳಿಯೇ ಮಾಗಿಯಲ್ಲಿ ಬೆಚ್ಚಗಿಡುವುದು. ಶಿವರಾತ್ರಿಯ ಹೊತ್ತಿನ ಸಿದ್ಧಗಂಗೆ ಜಾತ್ರೆಗೆ ರಾಸುಗಳನ್ನು ಹೊಡೆದುಕೊಂಡು ಬರುವ ರೈತರು ಬಯಲಿನಲ್ಲಿ, ದನಗಳ ಪಕ್ಕದಲ್ಲೇ ರಾತ್ರಿ ಕಳೆಯುವುದು ಇಂಥ ಹೊದಿಕೆಗಳನ್ನು ನಂಬಿ.

ಇನ್ನು ತುಮಕೂರು ನಗರ. ಇಲ್ಲಿನ ಸಂಗತಿ ಬೇರೆ, ಬಟ್ಟೆಯೂ ಬೇರೆ. ಚಿಕ್ಕಪೇಟೆಯ ಬೀದಿಗಳಲ್ಲಿ ಸಂಜೆ ನಡೆದರೆ ಟೈಲರ್ ಅಂಗಡಿಗಳ ಮಿಷನ್ನಿನ ಕೆಳಗೆ ದಿನದ ಕತ್ತರಿ ಚೂರುಗಳು ಗುಡ್ಡೆಯಾಗಿರುತ್ತವೆ: ರವಿಕೆಯ ಕಂಕುಳಿನ ಅರೆಚಂದ್ರ, ಲೈನಿಂಗಿನ ಉದ್ದ ಪಟ್ಟಿ, ಚೂಡಿದಾರದ ತೋಳಿನಿಂದ ಉಳಿದ ತ್ರಿಕೋನ. ಮೊಮ್ಮಗಳು ಪರಿಚಯದ ಅಂಗಡಿಯವರಿಂದ ಇವನ್ನು ಚೀಲದಲ್ಲಿ ತುಂಬಿಸಿಕೊಂಡು ಬರುತ್ತಾಳೆ. ಮನೆಯಲ್ಲಿ ವಿಂಗಡಿಸಲು ಕೂತರೆ ಅರ್ಧಕ್ಕರ್ಧ ಪಾಲಿಯೆಸ್ಟರ್. ಅದು ಇಸ್ತ್ರಿಗೆ ಕರಗುತ್ತದೆ, ಬೆವರು ಹೀರುವುದಿಲ್ಲ, ಕತ್ತರಿಸಿದ ಅಂಚಿನಿಂದ ಎಳೆ ಬಿಡುತ್ತದೆ, ಸೂಜಿಯಿಂದ ಜಾರುತ್ತದೆ. ಒಂದು ಎಳೆ ಕಿತ್ತು ದೀಪಕ್ಕೆ ಹಿಡಿದು ನೋಡುತ್ತಾಳೆ: ನೂಲಾದರೆ ಕಾಗದ ಸುಟ್ಟ ವಾಸನೆ ಬಂದು ಬೂದಿಯಾಗುತ್ತದೆ, ಪಾಲಿಯೆಸ್ಟರಾದರೆ ಕರಗಿ ಗಟ್ಟಿ ಮಣಿಯಾಗುತ್ತದೆ. ಅಜ್ಜಿಯರ ಗಂಟಿನಲ್ಲಿ ಈ ಪರೀಕ್ಷೆ ಬೇಕಿರಲಿಲ್ಲ. ನಮ್ಮ ಬೀರುಗಳಿಂದ ನೂಲು ಬಟ್ಟೆ ಮರೆಯಾದದ್ದೂ ಮನೆಗಳಿಂದ ಕೌದಿ ಮರೆಯಾದದ್ದೂ ಒಟ್ಟೊಟ್ಟಿಗೆ ನಡೆದಿದೆ. ಇದನ್ನು ನಾನು ಕಾಕತಾಳೀಯ ಎಂದು ಒಪ್ಪಲಾರೆ.

ಅವಳ ಬಾಡಿಗೆ ಮನೆಯ ಮಹಡಿಯ ಕೋಣೆಯಲ್ಲಿ ಒಂದು ಮಿಷನ್, ಒಂದು ಮಡಿಸುವ ಮೇಜು. ಗೋಡೆಗೆ ಹಳೆಯ ಫ್ಲಾನೆಲ್ ಬಟ್ಟೆ ಬಿಗಿದಿದ್ದಾಳೆ. ನೂಲಿನ ತುಣುಕುಗಳನ್ನು ಒತ್ತಿದರೆ ಅದಕ್ಕೆ ಅಂಟಿ ನಿಲ್ಲುತ್ತವೆ. ಮೂರನೇ ಕಂತಿನ ತ್ರಿಕೋನಗಳು ಅಲ್ಲಿ ಸಾಲಾಗಿವೆ. ಈ ತ್ರಿಕೋನಗಳನ್ನು ಒಂದೊಂದಾಗಿ ಕತ್ತರಿಸಿ ಕೂಡಿಸಿದರೆ ಓರೆ ಅಂಚು ಎಳೆದುಕೊಂಡು ಆಕಾರ ಕೆಡುತ್ತದೆ. ಅದಕ್ಕೆ ಎರಡು ಬಣ್ಣದ ಎರಡು ಚೌಕಗಳನ್ನು ಮುಖಕ್ಕೆ ಮುಖ ಇಟ್ಟು, ಮೂಲೆಯಿಂದ ಮೂಲೆಗೆ ಗೆರೆ ಎಳೆದು, ಗೆರೆಯ ಎರಡೂ ಬದಿಗೆ ಕಾಲು ಅಂಗುಲ ಬಿಟ್ಟು ಹೊಲಿದು, ಆಮೇಲೆ ಗೆರೆಯ ಮೇಲೇ ಕತ್ತರಿಸುತ್ತಾಳೆ. ಬಿಡಿಸಿದರೆ ಎರಡು ಚೌಕ, ಒಂದೊಂದರಲ್ಲೂ ಎರಡು ಬಣ್ಣದ ಎರಡು ತ್ರಿಕೋನ. ಇಂಥವು ನೂರಾರು ಬೇಕು.

ಗುಟ್ಟಿನ ಕ್ವಿಲ್ಟ್‌ನಲ್ಲಿ ಅಳತೆ ಕಠಿಣ ದೊರೆ. ಮುಂದೆ ಏನು ಬರುತ್ತದೆಂದು ಗೊತ್ತಿಲ್ಲದಾಗ ಇವತ್ತಿನ ತಪ್ಪನ್ನು ನಾಳೆ ಹೊಂದಿಸಿಕೊಳ್ಳುವ ದಾರಿಯೂ ಗೊತ್ತಿರುವುದಿಲ್ಲ. ಒಂದು ಸಾಲಿಗೆ 16 ತುಣುಕು, 15 ಜೋಡಣೆ. ಒಂದೊಂದು ಜೋಡಣೆ ಅಂಗುಲದ ಎಂಟನೇ ಒಂದು ಪಾಲನ್ನು ಹೆಚ್ಚಾಗಿ ತಿಂದರೂ ಸಾಲು ಹತ್ತಿರ ಹತ್ತಿರ ಎರಡು ಅಂಗುಲ ಗಿಡ್ಡವಾಗುತ್ತದೆ. ಪಕ್ಕದ ಸಾಲಿಗೆ ಕೂಡುವುದೇ ಇಲ್ಲ. ಅಜ್ಜಿ ಅದನ್ನು ಮುಂದಿನ ತೇಪೆಯಲ್ಲಿ ನುಂಗಿಸುತ್ತಿದ್ದರು. ಇಲ್ಲಿ ಬಿಚ್ಚಬೇಕು.

ಬಣ್ಣ ಆರಿಸುವುದರಲ್ಲಿ ಮಾತ್ರ ಅಜ್ಜಿ, ಮೊಮ್ಮಗಳು ಒಂದೇ. ಯಾವ ಬಣ್ಣ ಎಂಬುದಕ್ಕಿಂತ ಎಷ್ಟು ತಿಳಿ, ಎಷ್ಟು ಗಾಢ ಎಂಬುದೇ ಚಿತ್ರವನ್ನು ಮಾಡುವುದು. ಕೆಂಪು, ಹಸಿರು ಎರಡೂ ಒಂದೇ ಗಾಢದಲ್ಲಿದ್ದರೆ ದೂರಕ್ಕೆ ಒಂದರಲ್ಲೊಂದು ಕರಗಿಹೋಗುತ್ತವೆ. ಮೊಮ್ಮಗಳು ಗೋಡೆಯ ಚಿತ್ರವನ್ನು ಮೊಬೈಲಿನಲ್ಲಿ ಕಪ್ಪು ಬಿಳುಪಾಗಿ ತೆಗೆದು ನೋಡುತ್ತಾಳೆ. ಅಜ್ಜಿ ಎದ್ದು ಬಾಗಿಲವರೆಗೆ ಹೋಗಿ, ತಿರುಗಿ, ಕಣ್ಣು ಅರ್ಧ ಮುಚ್ಚಿ ನೋಡುತ್ತಾರೆ. ಎರಡರಲ್ಲೂ ಸಿಗುವ ಉತ್ತರ ಒಂದೇ.

ಮೊದಲ ಸಲ ನೀರು ಕಂಡಾಗ ಕೌದಿ ತನ್ನ ನಿಜ ಬಣ್ಣ ತೋರಿಸುತ್ತದೆ. ಅದನ್ನು ನೋಡಲು ಕುಣಿಗಲ್ಲಿಗೆ ಬರಬೇಕು. ಮೊಮ್ಮಗಳ ಚಿಕ್ಕಮ್ಮ ಇರುವುದು ಅಲ್ಲಿ, ಮನೆಯ ಮುಂಗೋಣೆಯಲ್ಲೇ ಹೊಲಿಗೆ ಅಂಗಡಿ. ಟಿಪ್ಪುವಿನ ಕಾಲದಿಂದ ಕುದುರೆ ಸಾಕಣೆಗೆ ಹೆಸರಾದ ಊರು. ಜನಪದ ಹಾಡಿಗೇ ವಸ್ತುವಾದ ಕೆರೆ ಇರುವ ಊರು. ಕೆರೆ ತುಂಬಿದ ವರ್ಷ ಏರಿಯ ಮೇಲೆ ನಿಂತರೆ ನೀರಿನ ಮೇಲಿಂದ ಬರುವ ಗಾಳಿ ಸೆರಗನ್ನು ಎಳೆದಾಡುತ್ತದೆ. ಯುಗಾದಿಗೂ ಮಾರ್ಲಮಿಗೂ ಮುಂಚೆ ಮನೆಯ ಹಾಸು ಹೊದಿಕೆಯನ್ನೆಲ್ಲ ಒಗೆಯುವ ರೂಢಿ ಈ ಸೀಮೆಯ ಹಳ್ಳಿಗಳಲ್ಲಿ ಇನ್ನೂ ಉಂಟು. ನೀರು ಕುಡಿದ ಕೌದಿಯನ್ನು ಒಬ್ಬರಿಂದ ಎತ್ತಲಾಗುವುದಿಲ್ಲ. ಇಬ್ಬರು ಎರಡು ತುದಿ ಹಿಡಿದು, ಒಬ್ಬರು ಬಲಕ್ಕೆ ಒಬ್ಬರು ಎಡಕ್ಕೆ ತಿರುಚಿ ಹಿಂಡುತ್ತಾರೆ. ನಡುವಿನಿಂದ ನೀರು ಸುರಿಯುತ್ತದೆ. ಬಂಡೆಯ ಮೇಲೆ ಹರವಿದಾಗ ಒಣಬಟ್ಟೆಯಲ್ಲಿ ಮಂಕಾಗಿ ಕಂಡ ತೇಪೆಗಳು ಒದ್ದೆಯಲ್ಲಿ ಕಡುವಾಗಿ, ಎಲ್ಲಿ ಕಡು ಎಲ್ಲಿ ತಿಳಿ ಎಂಬ ಲೆಕ್ಕ ಒಂದೇ ನೋಟಕ್ಕೆ ಸಿಕ್ಕುತ್ತದೆ. ಹಳೆ ಬಟ್ಟೆಗೆ ಬಣ್ಣ ಬಿಡುವ, ಕುಗ್ಗುವ ಭಯವಿಲ್ಲ, ಅದರ ಕುಗ್ಗುವಿಕೆ ಎಂದೋ ಮುಗಿದಿದೆ. ಹೊಸ ಬಟ್ಟೆಯನ್ನು ಮಾತ್ರ ಕತ್ತರಿಸುವ ಮೊದಲೇ ಒಗೆದು ಒಣಗಿಸಬೇಕು. ಮುಖ್ಯವಾಗಿ ಕೆಂಪು ಮತ್ತು ಕಡುನೀಲಿ. ಅವುಗಳ ಒಂದು ಚೂರನ್ನು ಬಿಳಿ ಬಟ್ಟೆಯ ಜೊತೆ ನೆನೆಸಿಟ್ಟು ನೋಡದೆ ಚಿಕ್ಕಮ್ಮ ಯಾವ ಗಂಟಿಗೂ ಸೇರಿಸುವುದಿಲ್ಲ.

ಈ ಮೂವರೂ ಸೇರಿ ಮಾಡಿಕೊಂಡಿರುವ ಆಟವೊಂದಿದೆ, ಅದಕ್ಕಾಗಿಯೇ ನಾನು ಇಷ್ಟೆಲ್ಲ ಬರೆದದ್ದು. ಗುಬ್ಬಿಯಲ್ಲಿ ಕೇಳಿದ ಆ ಪ್ರಶ್ನೆಯಿಂದಲೇ ಅದು ಹುಟ್ಟಿತು. ಗುಟ್ಟು ಒಬ್ಬರಿಗೆ ಗೊತ್ತಿರುವ ಬದಲು ಯಾರಿಗೂ ಗೊತ್ತಿರದಂತೆ ಮಾಡಬಹುದೆಂದು ಮೊಮ್ಮಗಳಿಗೆ ಹೊಳೆಯಿತು. ನಡುವಿನ ಒಂದು ಚೌಕವನ್ನು ಒಬ್ಬರು ಹೊಲಿದು ಕಳಿಸುತ್ತಾರೆ. ಅದು ತಲುಪಿದವರು ಅದರ ಸುತ್ತ ತಮ್ಮ ಇಷ್ಟದ ಒಂದು ಸುತ್ತು ಕೂಡಿಸಿ ಮೂರನೆಯವರಿಗೆ ದಾಟಿಸುತ್ತಾರೆ. ಫೋಟೊ ಕಳಿಸುವಂತಿಲ್ಲ, ಮುಂದೆ ಏನು ಮಾಡಬೇಕೆಂದು ಹೇಳುವಂತಿಲ್ಲ, ಬೇರೆಯವರು ಹೊಲಿದದ್ದನ್ನು ಬಿಚ್ಚುವಂತಿಲ್ಲ. ಬಟ್ಟೆ ಹೋಗಿಬರುವುದು ಕೆಂಪು ಬಸ್ಸಿನಲ್ಲಿ, ಯಾರಾದರೂ ಊರಿಗೆ ಹೊರಟಾಗ. ಕುಣಿಗಲ್ಲಿನಿಂದ ತುಮಕೂರು, ಅಲ್ಲಿಂದ ಬಿ.ಎಚ್. ರಸ್ತೆಯಲ್ಲಿ 20 ಕಿಲೋಮೀಟರಿನಷ್ಟು ದೂರದ ಗುಬ್ಬಿ, ಮತ್ತೆ ವಾಪಸು.

ಅಂಚಿನಿಂದ ಒಳಕ್ಕೆ ಬರುವುದನ್ನು ರೂಢಿ ಮಾಡಿಕೊಂಡ ಅಜ್ಜಿಗೆ ಒಳಗಿನಿಂದ ಹೊರಕ್ಕೆ ಹೋಗುವುದು ಮೊದಲಿಗೆ ಒಗ್ಗಲಿಲ್ಲ. "ಎಲ್ಲಿ ನಿಲ್ಸದು ಅಂತಾನೆ ತಿಳಿಯಲ್ವಲ್ಲೇ" ಎಂದು ಆಕ್ಷೇಪಿಸಿದರು. ಅದಕ್ಕೊಂದು ನಿಯಮ ಅವರೇ ಹೇಳಿದರು: ಮಂಚದ ಅಗಲ ದಾಟಿದರೆ ಸಾಕು. ತಮ್ಮ ಸುತ್ತಿಗೆ ಅವರು ಹಾಕಿದ್ದು ಹಳೆ ಪಂಚೆಯ ಅಂಚನ್ನು, ನಾಲ್ಕು ಮೂಲೆಯಲ್ಲಿ ನಾಲ್ಕು ಬೇರೆ ಬೇರೆ ಹೂವಿನ ಬಟ್ಟೆಯನ್ನು. ಮೊಮ್ಮಗಳ ಸುತ್ತಿನಲ್ಲಿ ತ್ರಿಕೋನಗಳು ಒಂದೇ ಅಳತೆಯಲ್ಲಿ, ಕೂದಲೆಳೆ ವ್ಯತ್ಯಾಸವಿಲ್ಲದೆ ಸಾಲುಗಟ್ಟಿವೆ. ಚಿಕ್ಕಮ್ಮನ ಸುತ್ತಿನಲ್ಲಿ ರವಿಕೆ ಚೂರುಗಳು: ಜರಿ ಮಿಂಚುವ ಕಿರುಪಟ್ಟಿಗಳು, ಓರೆಯಾಗಿ. ಮೂರೂ ಕೈ ಬೇರೆ ಬೇರೆ ಎಂದು ಯಾರು ಬೇಕಾದರೂ ಹೇಳಬಹುದು. ಹಾಗಿದ್ದೂ ಹಸಿರು ಮಾತ್ರ ಮೂರು ಸುತ್ತಿನಲ್ಲೂ ಬಂದಿದೆ, ಯಾರೂ ಮಾತಾಡಿಕೊಳ್ಳದೆ. ಕೈಗೆ ಬಂದ ಬಟ್ಟೆಯಲ್ಲಿ ಹಿಂದಿನವರ ಹಸಿರು ಕಂಡವರು ತಮ್ಮ ಗಂಟಿನಲ್ಲೂ ಹಸಿರನ್ನೇ ಹುಡುಕಿದ್ದಾರೆ. ಅಮೆರಿಕದ ಶಿಕ್ಷಕಿಯ ಕಂತುಗಳಲ್ಲಿ ಇದಕ್ಕೆ ಜಾಗವಿಲ್ಲ. ಅಲ್ಲಿ ಉತ್ತರ ಮೊದಲೇ ಬರೆದಿಟ್ಟದ್ದು. ಆ ಹವ್ಯಾಸವನ್ನು ನಾನು ಕಡಿಮೆಯೆಂದು ಹೇಳುವುದಿಲ್ಲ. ಕೈಗೆ ಶಿಸ್ತನ್ನೂ ಮನಸ್ಸಿಗೆ ತಾಳ್ಮೆಯನ್ನೂ ಅದು ಚೆನ್ನಾಗಿ ಕಲಿಸುತ್ತದೆ. ಮೊಮ್ಮಗಳ ತ್ರಿಕೋನಗಳೇ ಸಾಕ್ಷಿ. ಆದರೆ ಒಬ್ಬರ ಬಟ್ಟೆಗೆ ಇನ್ನೊಬ್ಬರು ಉತ್ತರ ಕೊಡುತ್ತಾ ಹೋಗುವಾಗ ಬರುವ ಚಿತ್ರದ ಮೇಲೆ ನನಗೆ ಹೆಚ್ಚು ಪ್ರೀತಿ.

ಮೇಲುಬಟ್ಟೆ ಮಂಚದ ಅಗಲ ದಾಟಿದೆ. ಈಗ ಅದು ಗುಬ್ಬಿಯಲ್ಲಿದೆ. ಅಜ್ಜಿ ಅಡಿಗೆ ಎರಡು ಸೀರೆ ಹಾಸಿ, ಉದ್ದನೆಯ ಕಚ್ಚಾ ಹೊಲಿಗೆ ಹಾಕಿ, ಟಾಕು ಶುರುಮಾಡಿದ್ದಾರೆ. ಈ ಸಲ ನಡುವಿನಿಂದ ಹೊರಕ್ಕೆ. ದಾರ ಬಿಳಿಯದೋ ಕೆಂಪೋ ಎಂಬ ಚರ್ಚೆ ಫೋನಿನಲ್ಲಿ ಆಗಿ, ಹೊಲಿಗೆ ಎದ್ದು ಕಾಣಲಿ ಎಂದು ಕೆಂಪೇ ಗೆದ್ದಿತು. ಕುಣಿಗಲ್ಲಿನ ಚಿಕ್ಕಮ್ಮ ಮುಂದಿನದಕ್ಕೆ ಚೌಕ ಹೊಲಿದು, ಕಾಗದದಲ್ಲಿ ಸುತ್ತಿ, ತುಮಕೂರಿಗೆ ಹೊರಟಿದ್ದ ಪಕ್ಕದ ಮನೆ ಹುಡುಗನ ಕೈಯಲ್ಲಿ ಕಳಿಸಿಯೂ ಆಗಿದೆ. ಅದರಲ್ಲಿ ನೀಲಿಯೇ ಹೆಚ್ಚಂತೆ.